ಗ್ರಾಮರ್ ಚೆಕರ್‌ಗಳ ಪರೀಕ್ಷೆ: ಭೂತಕಾಲದಲ್ಲಿ ಎಷ್ಟು ಪಾಸು, ಎಷ್ಟು ಫೇಲು

ಇಂಗ್ಲಿಷ್‌ನಲ್ಲಿ ಬರೆಯುವವರ ಕಂಪ್ಯೂಟರಿನಲ್ಲಿ ಈಗ ಯಾವುದಾದರೊಂದು ಗ್ರಾಮರ್ ಚೆಕರ್ ಇದ್ದೇ ಇರುತ್ತದೆ. ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಅದು ಎಡಿಟರ್ ಎಂಬ ಹೆಸರಿನಲ್ಲಿ ಜೊತೆಗೇ ಬರುತ್ತದೆ. ಗ್ರಾಮರ್ಲಿ, ಲ್ಯಾಂಗ್ವೇಜ್‌ಟೂಲ್ ಬೇಕೆಂದವರು ಹಾಕಿಕೊಳ್ಳುತ್ತಾರೆ. ಚಾಟ್‌ಜಿಪಿಟಿಯಂಥ ಎಐ ಚಾಟ್‌ಗೆ ಇಡೀ ಪತ್ರವನ್ನೇ ಅಂಟಿಸಿ ‘ತಿದ್ದಿಕೊಡು’ ಎನ್ನುವವರೂ ಕಡಿಮೆಯಿಲ್ಲ. ಇವುಗಳ ಎಲ್ಲ ಗುಣದೋಷಗಳ ಪಟ್ಟಿ ಇಲ್ಲಿ ಸಿಗುವುದಿಲ್ಲ. ಕೇಳಿಕೊಂಡಿರುವುದು ಒಂದೇ ಪ್ರಶ್ನೆ: ಸಿಂಪಲ್ ಪಾಸ್ಟ್ (‘ಐ ಸೆಂಟ್’), ಪ್ರೆಸೆಂಟ್ ಪರ್ಫೆಕ್ಟ್ (‘ಐ ಹ್ಯಾವ್ ಸೆಂಟ್’), ಪಾಸ್ಟ್ ಪರ್ಫೆಕ್ಟ್ (‘ಐ ಹ್ಯಾಡ್ ಸೆಂಟ್’) ಈ ಮೂರರಲ್ಲಿ ನಾವು ಎಡವಿದರೆ ಇವು ಹಿಡಿಯುತ್ತವೆಯೇ?

ಕ್ರಿಯಾಪದದ ರೂಪ ತಪ್ಪಿದರೆ ಹಿಡಿಯುತ್ತವೆ. ಕಾಲ ತಪ್ಪಿದರೆ ಬಹುಪಾಲು ತೆಪ್ಪಗಿರುತ್ತವೆ. ರೂಪದ ಕೆಲಸಕ್ಕೆ ಹತ್ತಕ್ಕೆ ಒಂಬತ್ತು ಅಂಕ ಕೊಡಬಹುದು. ಕಾಲದ ಕೆಲಸಕ್ಕೆ ನಾಲ್ಕು ಕೊಟ್ಟರೆ ಅದೇ ಧಾರಾಳ.

ಹೀಗೇಕೆ ಎಂಬುದು ಇವು ಕೆಲಸ ಮಾಡುವ ರೀತಿಯಲ್ಲೇ ಇದೆ. ಲ್ಯಾಂಗ್ವೇಜ್‌ಟೂಲ್ ಓಪನ್ ಸೋರ್ಸ್ ಆದ್ದರಿಂದ ಅದರ ಒಳಗನ್ನು ಯಾರು ಬೇಕಾದರೂ ಬಿಚ್ಚಿ ನೋಡಬಹುದು. ಡೇನಿಯಲ್ ನಾಬರ್ 2003ರಲ್ಲಿ ಶುರುಮಾಡಿದ ಈ ತಂತ್ರಾಂಶ ಪಠ್ಯವನ್ನು ಮೊದಲು ವಾಕ್ಯಗಳಾಗಿ, ಆಮೇಲೆ ಪದಗಳಾಗಿ ತುಂಡು ಮಾಡುತ್ತದೆ. ಪ್ರತಿ ಪದಕ್ಕೂ ಒಂದು ಲೇಬಲ್ ಅಂಟಿಸುತ್ತದೆ: ಇದು ಮೂಲರೂಪ, ಇದು ಸಿಂಪಲ್ ಪಾಸ್ಟ್, ಇದು ಪಾಸ್ಟ್ ಪಾರ್ಟಿಸಿಪಲ್ (‘ಹ್ಯಾವ್’, ‘ಹ್ಯಾಡ್’ ಆದಮೇಲೆ ಬರುವ ರೂಪ). ಬಳಿಕ ಎಕ್ಸ್‌ಎಂಎಲ್ ಫೈಲ್‌ಗಳಲ್ಲಿ ಬರೆದಿಟ್ಟ ತಪ್ಪುಗಳ ಮಾದರಿಗೆ ಈ ಲೇಬಲ್‌ಗಳ ಸಾಲು ಹೊಂದುತ್ತದೆಯೇ ಎಂದು ನೋಡುತ್ತದೆ. ‘ಹ್ಯಾವ್’ ಆದಮೇಲೆ ಸಿಂಪಲ್ ಪಾಸ್ಟ್ ಲೇಬಲ್ ಇರುವ ಪದ ಬಂತೋ, ಗೆರೆ ಎಳೆಯಿತು. ಹೆಚ್ಚಿನ ನಿಯಮಗಳ ದೃಷ್ಟಿ ಒಂದು ವಾಕ್ಯದಾಚೆ ಹೋಗುವುದಿಲ್ಲ. 2009ರಲ್ಲಿ ಶುರುವಾದ ಗ್ರಾಮರ್ಲಿ ಇಂಥ ನಿಯಮಗಳ ಜೊತೆಗೆ ಮಷೀನ್ ಲರ್ನಿಂಗ್ ಬಳಸುತ್ತದೆ. ಅದರ ಕಣ್ಣು ಇನ್ನಷ್ಟು ಚುರುಕು. ಆದರೂ ಯಾವ ಚೆಕರ್‌ಗೂ ಒಂದು ಸಂಗತಿ ಗೊತ್ತಿರುವುದಿಲ್ಲ: ನೀವು ಬರೆಯುತ್ತಿರುವ ಘಟನೆಗಳಲ್ಲಿ ಯಾವುದು ಮೊದಲು ನಡೆಯಿತು, ಯಾವುದು ಆಮೇಲೆ, ಯಾವುದು ಇನ್ನೂ ಮುಗಿದಿಲ್ಲ. ಪರ್ಫೆಕ್ಟ್ ಟೆನ್ಸ್‌ಗಳ ಕೆಲಸವೇ ಅದನ್ನು ಹೇಳುವುದು.

ರೂಪ: ಇಲ್ಲಿ ನಂಬಬಹುದು

‘ಹ್ಯಾವ್ ವೆಂಟ್’, ‘ಹ್ಯಾಸ್ ರೋಟ್’, ‘ಹ್ಯಾಡ್ ಏಟ್’, ‘ಡಿಡ್ ನಾಟ್ ಕೇಮ್’, ‘ವುಡ್ ಆಫ್ ಗಾನ್’. ಇಂಥವನ್ನು ಹಿಡಿಯುವುದರಲ್ಲಿ ಎಲ್ಲ ಚೆಕರ್‌ಗಳದೂ ಎತ್ತಿದ ಕೈ. ಕಮ್-ಕೇಮ್-ಕಮ್, ರನ್-ರ‍್ಯಾನ್-ರನ್, ಬಿಗಿನ್-ಬಿಗ್ಯಾನ್-ಬಿಗನ್, ಡ್ರಿಂಕ್-ಡ್ರ‍್ಯಾಂಕ್-ಡ್ರಂಕ್ ಇಂಥ ಮೂರು ಕಾಲಮ್ಮಿನ ಪಟ್ಟಿಯಲ್ಲಿ ಎರಡನೆಯದನ್ನೂ ಮೂರನೆಯದನ್ನೂ ಅದಲುಬದಲು ಮಾಡುವವರಿಗೆ ಚೆಕರ್ ಒಂದೇ ಸಾಕು, ಬಾಯಿಪಾಠ ಬೇಕಿಲ್ಲ. ‘ದ ವರ್ಕ್ ಈಸ್ ಬೀನ್ ಡನ್’ ಎಂದು ‘ಬೀಯಿಂಗ್’ ಬರಬೇಕಾದ ಕಡೆ ‘ಬೀನ್’ ಹಾಕಿದರೂ ಸಾಮಾನ್ಯವಾಗಿ ಗೆರೆ ಬೀಳುತ್ತದೆ.

ಒಂಬತ್ತು ಏಕೆ, ಹತ್ತು ಏಕಲ್ಲ ಎಂದರೆ ಕೆಲವು ಕ್ರಿಯಾಪದಗಳು ವೇಷ ಹಾಕಿಕೊಂಡು ತಪ್ಪಿಸಿಕೊಳ್ಳುತ್ತವೆ. ‘ಲೀಡ್’ ಪದದ ಭೂತಕಾಲ ‘ಲೆಡ್’; ಅದನ್ನು ಎಲ್ ಇ ಡಿ ಎಂದು ಬರೆಯಬೇಕು. ಸೀಸದ ಲೋಹಕ್ಕೂ ‘ಲೆಡ್’ ಎಂದೇ ಉಚ್ಚಾರ, ಆದರೆ ಅದರ ಕಾಗುಣಿತ ಎಲ್ ಇ ಎ ಡಿ. ಹಾಗಾಗಿ ಭೂತಕಾಲಕ್ಕೂ ಎ ಸೇರಿಸಿ ಬರೆಯುವ ತಪ್ಪು ಪಳಗಿದ ಕೈಗಳಿಂದಲೂ ಆಗುತ್ತದೆ. ಎರಡೂ ನಿಜವಾದ ಪದಗಳೇ ಆದ್ದರಿಂದ ಸ್ಪೆಲ್ಲಿಂಗ್ ಚೆಕ್‌ಗೆ ಅನುಮಾನ ಬರುವುದಿಲ್ಲ. ‘ಲೈ’ ಮತ್ತು ‘ಲೇ’ ಕಥೆ ಇನ್ನೂ ಹದಗೆಟ್ಟದ್ದು. ಮಲಗುವುದಕ್ಕೆ ಲೈ-ಲೇ-ಲೇನ್, ಏನನ್ನಾದರೂ ಇಡುವುದಕ್ಕೆ ಲೇ-ಲೇಡ್-ಲೇಡ್. ಮೊದಲನೆಯದರ ಭೂತಕಾಲವೇ ಎರಡನೆಯದರ ಮೂಲರೂಪ! ‘ಐ ಲೇಡ್ ಡೌನ್ ಫಾರ್ ಆ್ಯನ್ ಅವರ್’ ಎಂಬ ತಪ್ಪನ್ನು ಎಲ್ಲವೂ ಹಿಡಿಯುತ್ತವೆಂದು ಭರವಸೆ ಇಟ್ಟುಕೊಳ್ಳಬೇಡಿ.

ಇದಕ್ಕಿಂತ ದೊಡ್ಡ ತೂತು ಇನ್ನೊಂದಿದೆ, ಅದು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ‘ದ ಕಮಿಟಿ ಹ್ಯಾಸ್ ಟೇಕನ್ ಎ ಡಿಸಿಷನ್’ ಎಂಬಲ್ಲಿ ‘ಹ್ಯಾಸ್’ ಬಿಟ್ಟುಹೋದರೆ ‘ದ ಕಮಿಟಿ ಟೇಕನ್’ ಎಂದಾಗಿ ತಕ್ಷಣ ಕೆಂಪೋ ನೀಲಿಯೋ ಗೆರೆ ಬರುತ್ತದೆ. ‘ದ ಕಮಿಟಿ ಹ್ಯಾಸ್ ಅಪ್ರೂವ್ಡ್ ದ ಪ್ಲ್ಯಾನ್’ ಎಂಬಲ್ಲಿ ಅದೇ ‘ಹ್ಯಾಸ್’ ಬಿಟ್ಟುಹೋದರೆ ಏನೂ ಆಗುವುದಿಲ್ಲ. ‘ಅಪ್ರೂವ್ಡ್’ ಎಂಬುದು ಸಿಂಪಲ್ ಪಾಸ್ಟೂ ಹೌದು, ಪಾರ್ಟಿಸಿಪಲ್ಲೂ ಹೌದು. ಉಳಿದ ವಾಕ್ಯ ವ್ಯಾಕರಣಬದ್ಧವಾಗಿಯೇ ಇದೆ. ಕೈತಪ್ಪು ಒಂದೇ ಆದರೂ ಸಿಕ್ಕಿಬೀಳುವುದು ಬಿಡುವುದು ಕ್ರಿಯಾಪದದ ಹಣೆಬರಹ. ಇಂಗ್ಲಿಷ್‌ನ ಬಹುಪಾಲು ಕ್ರಿಯಾಪದಗಳು ‘ಇಡಿ’ ಸೇರಿಸುವ ಈ ಎರಡನೆಯ ಗುಂಪಿನವೇ. ಪುಟ್, ಕಟ್, ಸೆಟ್, ಹಿಟ್, ಶಟ್, ಕಾಸ್ಟ್ ಇವು ಇನ್ನೂ ಒಂದು ಹೆಜ್ಜೆ ಮುಂದೆ: ಮೂಲರೂಪ, ಭೂತಕಾಲ, ಪಾರ್ಟಿಸಿಪಲ್ ಮೂರೂ ಒಂದೇ. ಇವು ಬಂದ ಕಡೆ ಚೆಕರ್ ಬಹುಮಟ್ಟಿಗೆ ಕುರುಡು.

ಸುಳ್ಳು ಎಚ್ಚರಿಕೆಯೂ ಉಂಟು. ‘ಶಿ ಹ್ಯಾಡ್ ಹ್ಯಾಡ್ ದ ಕೀ ಆಲ್ ಅಲಾಂಗ್’ ಎಂಬುದು ಅಪ್ಪಟ ಸರಿಯಾದ ವಾಕ್ಯ. ಮೊದಲ ‘ಹ್ಯಾಡ್’ ಸಹಾಯಕ, ಎರಡನೆಯದು ಮುಖ್ಯ ಕ್ರಿಯಾಪದ. ಒಂದೇ ಪದ ಎರಡು ಸಲ ಬಂದಿದೆಯೆಂದು ಒಂದನ್ನು ಅಳಿಸಲು ಚೆಕರ್ ಹೇಳಿದರೆ ಒಪ್ಪಬೇಡಿ.

ಪ್ರೆಸೆಂಟ್ ಪರ್ಫೆಕ್ಟ್: ಅರ್ಧ ಪಾಸು

ಲಿಖಿತ ಇಂಗ್ಲಿಷ್‌ನಲ್ಲಿ ಪ್ರೆಸೆಂಟ್ ಪರ್ಫೆಕ್ಟ್‌ಗೆ ಒಂದು ಕಟ್ಟುನಿಟ್ಟಿನ ಷರತ್ತಿದೆ. ಮುಗಿದುಹೋದ ಸಮಯವನ್ನು ಹೆಸರಿಸಿದ ಕಡೆ ಅದು ಕೂರುವುದಿಲ್ಲ. ಯೆಸ್ಟರ್‌ಡೇ, ಲಾಸ್ಟ್ ಇಯರ್, ಇನ್ 2019, ಟೂ ಡೇಸ್ ಅಗೋ ಇಂಥವು ಬಂದರೆ ಸಿಂಪಲ್ ಪಾಸ್ಟ್. ‘ನಿನ್ನೆನೇ ಕಳಿಸಿದ್ದೇನೆ’ ಎಂದು ಕನ್ನಡದಲ್ಲಿ ಸಲೀಸಾಗಿ ಹೇಳುತ್ತೇವೆ, ಹೀಗಾಗಿ ‘ಐ ಹ್ಯಾವ್ ಸೆಂಟ್ ದ ಫೈಲ್ ಯೆಸ್ಟರ್‌ಡೇ’ ಎಂದು ಬರೆಯುವಾಗ ಕೈ ತಡೆಯುವುದೇ ಇಲ್ಲ.

ಚೆಕರ್ ಕೊಳ್ಳುವ ಮುನ್ನ ಅದಕ್ಕೆ ಈ ಮೆಟ್ಟಿಲುಗಳನ್ನು ಹತ್ತಿಸಿ ನೋಡಿ. ಮೊದಲ ಮೆಟ್ಟಿಲು ಮೇಲಿನ ವಾಕ್ಯವೇ. ‘ಹ್ಯಾವ್ ಸೆಂಟ್’ ಮತ್ತು ‘ಯೆಸ್ಟರ್‌ಡೇ’ ಒಂದೇ ವಾಕ್ಯದಲ್ಲಿ ಅಕ್ಕಪಕ್ಕವೇ ಇವೆ. ಇದನ್ನು ಹಿಡಿಯದ ಚೆಕರ್ ಅನ್ನು ಅಲ್ಲಿಗೇ ಬಿಟ್ಟುಬಿಡಿ. ಎರಡನೆಯದರಲ್ಲಿ ಸಮಯಸೂಚಕವನ್ನು ದೂರ ಒಯ್ಯಿರಿ: ‘ಯೆಸ್ಟರ್‌ಡೇ, ಆಫ್ಟರ್ ಎ ಲಾಂಗ್ ಕಾಲ್ ವಿತ್ ದ ಕ್ಲೈಂಟ್ ಅಂಡ್ ಹರ್ ಟೀಮ್, ಐ ಹ್ಯಾವ್ ಸೆಂಟ್ ದ ಫೈಲ್’. ಮಾದರಿ ಹೊಂದಿಸುವ ಉಪಕರಣಗಳು ಇಲ್ಲಿ ಬಳಲತೊಡಗುತ್ತವೆ. ಮೂರನೆಯದರಲ್ಲಿ ಸಮಯವನ್ನು ಹಿಂದಿನ ವಾಕ್ಯಕ್ಕೆ ಸಾಗಿಸಿ: ‘ವಿ ಮೆಟ್ ದ ಕ್ಲೈಂಟ್ ಆನ್ ಮಂಡೇ. ಶಿ ಹ್ಯಾಸ್ ಸೈನ್ಡ್ ದ ಫಾರ್ಮ್ ಬಿಫೋರ್ ಲೀವಿಂಗ್.’ ಎರಡನೆಯ ವಾಕ್ಯದಲ್ಲಿ ‘ಹ್ಯಾಸ್’ ಇರಕೂಡದು, ಏಕೆಂದರೆ ನಾವಿನ್ನೂ ಸೋಮವಾರದಲ್ಲೇ ಇದ್ದೇವೆ. ವಾಕ್ಯ ವಾಕ್ಯವಾಗಿ ನೋಡುವ ಚೆಕರ್‌ಗೆ ಸೋಮವಾರ ಎಂಬುದು ಆಗಲೇ ಮರೆತುಹೋಗಿರುತ್ತದೆ. ನಿಜವಾದ ವರದಿ, ಪತ್ರಗಳಲ್ಲಿ ದಿನಾಂಕವನ್ನು ಒಂದು ಸಲ ಹೇಳಿ ಮುಂದೆ ನಾಲ್ಕೈದು ವಾಕ್ಯ ಬರೆಯುವುದೇ ರೂಢಿ. ಎಂದರೆ ನಮ್ಮ ಹೆಚ್ಚಿನ ತಪ್ಪುಗಳು ಬೀಳುವುದು ಈ ಮೂರನೆಯ ಮೆಟ್ಟಿಲಿನಲ್ಲೇ.

ತಿರುಗಾಮುರುಗಾ ಪರೀಕ್ಷೆಯನ್ನೂ ಮಾಡಬೇಕು. ‘ಐ ಹ್ಯಾವ್ ಬೀನ್ ಹಿಯರ್ ಸಿನ್ಸ್ ಯೆಸ್ಟರ್‌ಡೇ’ ಸರಿಯಾದ ವಾಕ್ಯ, ಏಕೆಂದರೆ ‘ಸಿನ್ಸ್’ ನಿನ್ನೆಯಿಂದ ಈ ಕ್ಷಣದವರೆಗೂ ಗೆರೆ ಎಳೆಯುತ್ತದೆ. ‘ದ ಫೈಲ್ ಯು ಸೆಂಟ್ ಯೆಸ್ಟರ್‌ಡೇ ಹ್ಯಾಸ್ ವ್ಯಾನಿಶ್ಡ್’ ಕೂಡ ಸರಿ. ನಿನ್ನೆ ನಡೆದದ್ದು ಕಳಿಸುವುದು, ಕಾಣೆಯಾಗಿರುವುದು ಈಗಿನ ಸ್ಥಿತಿ. ‘ಯೆಸ್ಟರ್‌ಡೇ’ ಕಂಡ ತಕ್ಷಣ ಇವೆರಡಕ್ಕೂ ಗೆರೆ ಎಳೆಯುವ ಚೆಕರ್ ಹಿಡಿಯದಿರುವ ಚೆಕರ್‌ಗಿಂತ ಅಪಾಯಕಾರಿ. ಸರಿ ಇದ್ದದ್ದನ್ನು ಕೆಡಿಸುತ್ತದೆ.

ಯಾವ ಚೆಕರ್ ಆದರೂ ಬಾಯಿ ಬಿಡದ ಜಾಗ ಮುಂದಿದೆ. ಕೆಲಸಕ್ಕೆ ಅರ್ಜಿ ಬರೆಯುವಾಗ ‘ಐ ವರ್ಕ್ಡ್ ಇನ್ ದಿಸ್ ಫೀಲ್ಡ್ ಫಾರ್ ಫೈವ್ ಇಯರ್ಸ್’ ಎಂದು ಬರೆದರೆ ಐದು ವರ್ಷ ಮಾಡಿ ಬಿಟ್ಟಿದ್ದೀರಿ ಎಂದರ್ಥ. ‘ಐ ಹ್ಯಾವ್ ವರ್ಕ್ಡ್’ ಅಥವಾ ‘ಐ ಹ್ಯಾವ್ ಬೀನ್ ವರ್ಕಿಂಗ್’ ಎಂದರೆ ಇನ್ನೂ ಅಲ್ಲೇ ಇದ್ದೀರಿ. ವ್ಯಾಕರಣದ ಪ್ರಕಾರ ಎರಡೂ ನಿರ್ದೋಷಿ ವಾಕ್ಯಗಳು. ನೀವು ರಾಜೀನಾಮೆ ಕೊಟ್ಟಿದ್ದೀರೋ ಇಲ್ಲವೋ ಎಂಬುದು ತಂತ್ರಾಂಶಕ್ಕೆ ಹೇಗೆ ತಿಳಿಯಬೇಕು? ‘ಐ ಆ್ಯಮ್ ವರ್ಕಿಂಗ್ ಹಿಯರ್ ಸಿನ್ಸ್ 2015’ ಎಂದು ಬರೆದರೆ ಮಾತ್ರ ಗೆರೆ ಬೀಳುವ ಸಾಧ್ಯತೆ ಹೆಚ್ಚು, ಏಕೆಂದರೆ ‘ಸಿನ್ಸ್’ ಪಕ್ಕ ‘ಆ್ಯಮ್ ವರ್ಕಿಂಗ್’ ಬರುವುದು ಗುರುತಾಗಿರುವ ತಪ್ಪಿನ ಮಾದರಿ.

‘ದಿಸ್ ಮಾರ್ನಿಂಗ್’ ಎಂಬುದೂ ಹಾಗೆಯೇ. ಬೆಳಗ್ಗೆ ಹತ್ತಕ್ಕೆ ಬರೆಯುವ ಮೇಲ್‌ನಲ್ಲಿ ‘ಐ ಹ್ಯಾವ್ ಕಾಲ್ಡ್ ದೆಮ್ ಟ್ವೈಸ್ ದಿಸ್ ಮಾರ್ನಿಂಗ್’ ಸರಿ, ಬೆಳಗು ಇನ್ನೂ ಮುಗಿದಿಲ್ಲ. ಸಂಜೆ ಆರಕ್ಕೆ ಅದೇ ಸಂಗತಿ ‘ಐ ಕಾಲ್ಡ್ ದೆಮ್ ಟ್ವೈಸ್’ ಆಗಬೇಕು. ಬದುಕಿಲ್ಲದ ವ್ಯಕ್ತಿಯ ಅನುಭವಕ್ಕೂ ಪ್ರೆಸೆಂಟ್ ಪರ್ಫೆಕ್ಟ್ ಸಲ್ಲದು: ‘ಡಾರ್ವಿನ್ ಹ್ಯಾಸ್ ಸೇಲ್ಡ್ ಆನ್ ದ ಬೀಗಲ್’ ಎಂದು ಬರೆಯುವಂತಿಲ್ಲ. ಆ ಯಾನ 1831ರಿಂದ 1836ರವರೆಗಿನದು, ಡಾರ್ವಿನ್ ತೀರಿಕೊಂಡದ್ದು 1882ರಲ್ಲಿ. ವಾಕ್ಯದೊಳಗೆ ಇಸವಿ ಇಲ್ಲದಿದ್ದರೆ ಚೆಕರ್‌ಗೆ ಅದು ಪಕ್ಕದ ಟೇಬಲ್ಲಿನ ಸಹೋದ್ಯೋಗಿಯ ಮಾತಿನಷ್ಟೇ ಸಹಜವಾಗಿ ಕಾಣುತ್ತದೆ.

ಭಾಷೆಯ ಸೆಟ್ಟಿಂಗ್ ಕೂಡ ಇಲ್ಲೇ ಮುಖ್ಯ. ‘ಜಸ್ಟ್’, ‘ಆಲ್ರೆಡಿ’, ‘ಯೆಟ್’ ಜೊತೆ ಬ್ರಿಟಿಷ್ ಇಂಗ್ಲಿಷ್ ಸಾಮಾನ್ಯವಾಗಿ ಪ್ರೆಸೆಂಟ್ ಪರ್ಫೆಕ್ಟ್ ಬಯಸುತ್ತದೆ, ಅಮೆರಿಕನ್ ಇಂಗ್ಲಿಷ್ ‘ಐ ಆಲ್ರೆಡಿ ಸೆಂಟ್ ಇಟ್’ ಎಂಬುದನ್ನೂ ಒಪ್ಪುತ್ತದೆ. ‘ಗಾಟನ್’ ಅಮೆರಿಕನ್, ಅದೇ ಕಡೆ ಬ್ರಿಟಿಷ್ ಇಂಗ್ಲಿಷ್‌ಗೆ ‘ಗಾಟ್’. ‘ಲರ್ನ್ಟ್’, ‘ಬರ್ನ್ಟ್’ ಎಂದು ಟಿ ಹಚ್ಚುವ ಭೂತಕಾಲ ಬ್ರಿಟಿಷ್ ಬರವಣಿಗೆಯಲ್ಲಿ ಹೆಚ್ಚು. ವರ್ಡ್‌ನಲ್ಲಿ ರಿವ್ಯೂ ಟ್ಯಾಬ್, ಲ್ಯಾಂಗ್ವೇಜ್, ಸೆಟ್ ಪ್ರೂಫಿಂಗ್ ಲ್ಯಾಂಗ್ವೇಜ್ ಎಂಬಲ್ಲಿ ಇದನ್ನು ಮೊದಲೇ ಆರಿಸಿಕೊಳ್ಳದಿದ್ದರೆ ಒಂದೇ ದಾಖಲೆಯಲ್ಲಿ ಎರಡೂ ಬೆರೆತುಹೋಗುತ್ತವೆ.

ಪಾಸ್ಟ್ ಪರ್ಫೆಕ್ಟ್: ಇಲ್ಲಿ ಫೇಲು

ಕನ್ನಡಿಗರ ಇಂಗ್ಲಿಷ್‌ನಲ್ಲಿ ಅತಿ ಹೆಚ್ಚು ದುರ್ಬಳಕೆಯಾಗುವ ಪದ ಯಾವುದೆಂದು ಕೇಳಿದರೆ ‘ಹ್ಯಾಡ್’ ಎನ್ನಬೇಕು. ‘ಐ ಹ್ಯಾಡ್ ಸೆಂಟ್ ಯು ಎ ಮೇಲ್ ಲಾಸ್ಟ್ ವೀಕ್. ಪ್ಲೀಸ್ ರಿಪ್ಲೈ.’ ಆಫೀಸಿನ ಮೇಲ್‌ಗಳಲ್ಲಿ ಇದು ಸಾಲುಸಾಲಾಗಿ ಸಿಗುತ್ತದೆ. ಕನ್ನಡದ ‘ಕಳಿಸಿದ್ದೆ’ಗೆ ಇನ್ನೊಂದು ಘಟನೆಯ ಆಸರೆ ಬೇಕಿಲ್ಲ; ಸ್ವಲ್ಪ ಹಿಂದೆ ನಡೆದದ್ದು, ಆಮೇಲೆ ಪರಿಸ್ಥಿತಿ ಬದಲಾಗಿರಬಹುದು ಎಂಬ ಧ್ವನಿಯಿದ್ದರೆ ಸಾಕು. ಇಂಗ್ಲಿಷ್‌ನ ‘ಹ್ಯಾಡ್ ಸೆಂಟ್’ ಹಾಗಲ್ಲ. ಭೂತಕಾಲದಲ್ಲೇ ಇನ್ನೊಂದು ಕ್ಷಣ ಇರಬೇಕು, ಅದಕ್ಕಿಂತ ಮೊದಲು ಇದು ನಡೆದಿರಬೇಕು. ಆ ಎರಡನೆಯ ಕ್ಷಣ ಎಲ್ಲೂ ಬಾರದಿದ್ದರೆ ಓದುವವರು ‘ಸರಿ, ಆಮೇಲೇನಾಯಿತು?’ ಎಂದು ಕಾಯುತ್ತಾ ಕೂರುತ್ತಾರೆ. ಬೇಕಿದ್ದದ್ದು ಬರೇ ‘ಐ ಸೆಂಟ್ ಯು ಎ ಮೇಲ್ ಲಾಸ್ಟ್ ವೀಕ್’.

ಈ ತಪ್ಪಿಗೆ ಚೆಕರ್‌ಗಳು ಸಾಮಾನ್ಯವಾಗಿ ಸುಮ್ಮನಿರುತ್ತವೆ. ಅವುಗಳನ್ನು ದೂರಿ ಪ್ರಯೋಜನವಿಲ್ಲ. ‘ಹ್ಯಾಡ್ ಸೆಂಟ್’ ರೂಪ ಸರಿ, ‘ಲಾಸ್ಟ್ ವೀಕ್’ ಜೊತೆ ಪಾಸ್ಟ್ ಪರ್ಫೆಕ್ಟ್ ಬರುವುದಕ್ಕೆ ಅಡ್ಡಿಯೂ ಇಲ್ಲ; ‘ಐ ಹ್ಯಾಡ್ ಸೆಂಟ್ ಇಟ್ ಲಾಸ್ಟ್ ವೀಕ್, ಸೋ ಹಿಸ್ ಕಾಲ್ ಆನ್ ಮಂಡೇ ಸರ್‌ಪ್ರೈಸ್ಡ್ ಮಿ’ ಎಂದು ಮುಂದುವರಿದರೆ ಅದೇ ಪದಗಳು ಸರಿಯಾಗಿಬಿಡುತ್ತವೆ. ಚೆಕರ್ ಗೆರೆ ಎಳೆಯಬೇಕಾದರೆ ವಾಕ್ಯದಲ್ಲಿ ಇರುವುದನ್ನಲ್ಲ, ಇಡೀ ಪಠ್ಯದಲ್ಲಿ ಇಲ್ಲದಿರುವುದನ್ನು ಗುರುತಿಸಬೇಕು.

ಇನ್ನು ‘ಹ್ಯಾಡ್’ ಇರಲೇಬೇಕಾದ ಕಡೆ ಬಿಟ್ಟುಹೋದರೆ? ಒಂದು ಅವಘಡ ವರದಿಯ ವಾಕ್ಯ ತೆಗೆದುಕೊಳ್ಳೋಣ. ‘ವೆನ್ ದ ಅಲಾರ್ಮ್ ರ‍್ಯಾಂಗ್, ದ ಆಪರೇಟರ್ ಶಟ್ ದ ವಾಲ್ವ್.’ ಅಲಾರ್ಮ್ ಹೊಡೆಯಿತು, ಅದನ್ನು ಕೇಳಿ ಆಪರೇಟರ್ ವಾಲ್ವ್ ಮುಚ್ಚಿದರು. ‘ವೆನ್ ದ ಅಲಾರ್ಮ್ ರ‍್ಯಾಂಗ್, ದ ಆಪರೇಟರ್ ಹ್ಯಾಡ್ ಶಟ್ ದ ವಾಲ್ವ್.’ ಅಲಾರ್ಮ್ ಹೊಡೆಯುವ ಹೊತ್ತಿಗೆ ವಾಲ್ವ್ ಆಗಲೇ ಮುಚ್ಚಿತ್ತು. ಒಂದು ಪದದ ಅಂತರದಲ್ಲಿ ಕಾರಣವೇ ಪರಿಣಾಮ, ಪರಿಣಾಮವೇ ಕಾರಣ ಆಗುವಷ್ಟು ವ್ಯತ್ಯಾಸ. ಮೊದಲನೆಯದರಲ್ಲಿ ಆಪರೇಟರ್ ಸರಿಯಾಗಿ ಪ್ರತಿಕ್ರಿಯಿಸಿದವರು; ಎರಡನೆಯದರಲ್ಲಿ ವಾಲ್ವ್ ಮುಚ್ಚಿದ್ದರಿಂದಲೇ ಒತ್ತಡ ಏರಿ ಅಲಾರ್ಮ್ ಹೊಡೆಯಿತೇನೋ ಎಂದು ತನಿಖೆ ಶುರುವಾಗಬಹುದು. ‘ಶಟ್’ ರೂಪ ಬದಲಾಗದ ಕ್ರಿಯಾಪದವಾದ್ದರಿಂದ ಅಲ್ಲಿಂದಲೂ ಸುಳಿವಿಲ್ಲ. ಎರಡೂ ವಾಕ್ಯಗಳಿಗೆ ಚೆಕರ್‌ನಿಂದ ಹಸಿರು ನಿಶಾನೆ. ‘ವೆನ್’ ಬದಲು ‘ಆಫ್ಟರ್’ ಅಥವಾ ‘ಬಿಫೋರ್’ ಬಳಸಿದ್ದರೆ ಕ್ರಮವನ್ನು ಆ ಪದಗಳೇ ಹೇಳುತ್ತಿದ್ದವು, ‘ಹ್ಯಾಡ್’ ಇದ್ದರೂ ಬಿಟ್ಟರೂ ನಡೆಯುತ್ತಿತ್ತು. ವರದಿ ಬರೆಯುವವರು ‘ವೆನ್’ ಕಂಡಲ್ಲೆಲ್ಲ ಒಂದು ಕ್ಷಣ ನಿಲ್ಲುವುದು ಒಳ್ಳೆಯದು.

ಉದ್ದದ ಹಿನ್ನೋಟದಲ್ಲಿ ಇನ್ನೊಂದು ತರಹದ ಕಿರಿಕಿರಿ. ಭೂತಕಾಲದ ನಿರೂಪಣೆಯಿಂದ ಇನ್ನೂ ಹಿಂದಕ್ಕೆ ಜಿಗಿಯುವಾಗ ಮೊದಲ ಒಂದೆರಡು ಕ್ರಿಯಾಪದಕ್ಕೆ ‘ಹ್ಯಾಡ್’ ಹಚ್ಚಿ, ಓದುಗರು ಅಲ್ಲಿಗೆ ತಲುಪಿದ ಮೇಲೆ ಸಿಂಪಲ್ ಪಾಸ್ಟ್‌ಗೆ ಇಳಿಯುವುದು ಒಳ್ಳೆಯ ಇಂಗ್ಲಿಷ್ ಗದ್ಯದ ರೂಢಿ. ಮರಳಿ ಬರುವಾಗ ‘ನೌ’, ‘ದಟ್ ಈವ್ನಿಂಗ್’ ಇಂಥ ಒಂದು ಗುರುತು ಕೊಟ್ಟರಾಯಿತು. ಪ್ರತಿ ವಾಕ್ಯಕ್ಕೂ ‘ಹ್ಯಾಡ್’ ಹಾಕಿದರೆ ಓದಲಾಗದಷ್ಟು ಭಾರ. ಆದರೆ ಕಾಲದ ಏಕರೂಪತೆ ನೋಡುವ ಸೌಲಭ್ಯ ಇರುವ ಉಪಕರಣ ಇದನ್ನೇ ತಪ್ಪೆಂದು ಭಾವಿಸಿ ಎಲ್ಲ ಕ್ರಿಯಾಪದಗಳನ್ನೂ ಒಂದೇ ಅಚ್ಚಿಗೆ ಹಾಕಲು ನೋಡಬಹುದು. ಕಥೆ, ಪ್ರಬಂಧ ಬರೆಯುವವರು ಅಂಥ ಸಲಹೆಯನ್ನು ಬದಿಗಿಡಲಿ.

ಚುಟುಕಾಗಿಸುವ ಸಲಹೆಗಳ ಮೇಲೂ ಒಂದು ಕಣ್ಣಿರಲಿ. ‘ದ ಫಾರ್ಮ್ ಹ್ಯಾಡ್ ಬೀನ್ ಸೈನ್ಡ್’ ಎಂಬ ಪ್ಯಾಸಿವ್ ವಾಕ್ಯವನ್ನು ‘ದೇ ಸೈನ್ಡ್ ದ ಫಾರ್ಮ್’ ಎಂದು ಆ್ಯಕ್ಟಿವ್ ಮಾಡಿದಾಗ ವಾಕ್ಯ ಚುರುಕಾಗುತ್ತದೆ, ಜೊತೆಗೇ ‘ಹ್ಯಾಡ್’ ಕೂಡ ಮಾಯ. ಶೈಲಿಯ ಹೆಸರಿನಲ್ಲಿ ಕಾಲ ಬದಲಾಯಿತು. ಶೈಲಿಯ ಸಲಹೆಗಳನ್ನೂ ವ್ಯಾಕರಣದ ಸಲಹೆಗಳನ್ನೂ ಒಂದೇ ಸುತ್ತಿನಲ್ಲಿ ಒಪ್ಪಿಕೊಂಡು ಹೋಗುವವರಿಗೆ ಇದು ಗೊತ್ತೇ ಆಗುವುದಿಲ್ಲ. ವರ್ಡ್‌ನಲ್ಲಿ ಫೈಲ್, ಆಪ್ಷನ್ಸ್, ಪ್ರೂಫಿಂಗ್‌ಗೆ ಹೋಗಿ ರೈಟಿಂಗ್ ಸ್ಟೈಲ್ ಎಂಬಲ್ಲಿ ಗ್ರಾಮರ್ ಮಾತ್ರ ಆರಿಸಿಕೊಂಡು ಮೊದಲ ಸುತ್ತು ಮುಗಿಸಿ, ಶೈಲಿಯನ್ನು ಆಮೇಲೆ ನೋಡಬಹುದು.

ಷರತ್ತಿನ ವಾಕ್ಯಗಳಲ್ಲಿ ‘ಇಫ್ ಐ ವುಡ್ ಹ್ಯಾವ್ ನೋನ್’ ಎಂಬುದು ಬರವಣಿಗೆಯಲ್ಲಿ ತಪ್ಪು, ‘ಇಫ್ ಐ ಹ್ಯಾಡ್ ನೋನ್’ ಆಗಬೇಕು. ಇದು ಗಟ್ಟಿ ಮಾದರಿ, ಹಿಡಿಸಿಕೊಳ್ಳುವ ಸಾಧ್ಯತೆ ಚೆನ್ನಾಗಿದೆ. ಸಿಗದೇ ಹೋಗುವುದು ನಮ್ಮ ‘ಹೋಗಿರುತ್ತಾನೆ’. ಊಹೆಯ ಈ ಮಾತನ್ನು ‘ಹಿ ವುಡ್ ಹ್ಯಾವ್ ಗಾನ್ ಹೋಮ್’ ಎಂದು ಬರೆದುಬಿಡುತ್ತೇವೆ. ಇಂಗ್ಲಿಷ್ ಓದುಗರಿಗೆ ಅದು ಹೋಗುತ್ತಿದ್ದ, ಆದರೆ ಹೋಗಲಿಲ್ಲ ಎಂದು ಕೇಳಿಸಬಹುದು. ಬೇಕಾದದ್ದು ‘ಮಸ್ಟ್ ಹ್ಯಾವ್ ಗಾನ್’ ಅಥವಾ ‘ವಿಲ್ ಹ್ಯಾವ್ ಗಾನ್’. ರೂಪ ಸರಿಯಿರುವುದರಿಂದ ಚೆಕರ್ ಮೌನ.

ಎಐ ಚಾಟ್: ಜಾಣ, ಆದರೆ ಕೈ ಉದ್ದ

ಇಡೀ ಪ್ಯಾರಾವನ್ನು ಒಟ್ಟಿಗೆ ಓದುವುದರಿಂದ ಎಐ ಚಾಟ್‌ಗಳು ಸೋಮವಾರದ ಮೆಟ್ಟಿಲನ್ನು ಹತ್ತಬಲ್ಲವು. ಒಂಟಿ ‘ಹ್ಯಾಡ್’ ಅನ್ನೂ ಹಿಡಿದು ಕಾರಣ ಹೇಳಬಲ್ಲವು. ಈ ಒಂದು ವಿಷಯದಲ್ಲಿ ಹಳೆಯ ಮಾದರಿಯ ಚೆಕರ್‌ಗಳಿಗಿಂತ ಮೇಲು ಎನ್ನಲು ಅಡ್ಡಿಯಿಲ್ಲ. ತೊಂದರೆ ಎರಡು. ಕೇಳದಿದ್ದನ್ನೂ ತಿದ್ದಿ ಇಡೀ ಪಠ್ಯವನ್ನು ಮರಳಿ ಬರೆದುಕೊಡುತ್ತವೆ. ಯಾವ ಕ್ರಿಯಾಪದ ಎಲ್ಲಿ ಬದಲಾಯಿತೆಂದು ಹುಡುಕುವುದು ಮೊದಲಿನದಕ್ಕಿಂತ ದೊಡ್ಡ ಕೆಲಸ. ಎರಡನೆಯದು, ಘಟನೆಗಳ ಕ್ರಮ ಸ್ಪಷ್ಟವಿಲ್ಲದಿದ್ದರೆ ಕೇಳುವ ಬದಲು ತಾವೇ ಒಂದನ್ನು ಊಹಿಸಿಕೊಂಡು ಅದಕ್ಕೆ ತಕ್ಕಂತೆ ನುಣುಪಾಗಿ ತಿದ್ದುತ್ತವೆ. ವಾಲ್ವ್ ವಾಕ್ಯದಲ್ಲಿ ಊಹೆ ತಪ್ಪಿದರೆ ಏನಾಗುತ್ತದೆಂದು ಹೇಳಬೇಕಿಲ್ಲ. ಅದೇ ಪಠ್ಯವನ್ನು ಎರಡನೆಯ ಸಲ ಕೊಟ್ಟರೆ ಬೇರೆ ಉತ್ತರ ಬರುವುದೂ ಉಂಟು.

ಹಾಗಾಗಿ ‘ತಿದ್ದಿಕೊಡು’ ಎಂದಷ್ಟೇ ಹೇಳಬಾರದು. ಪಠ್ಯದ ಮೇಲೆ ಬರೆಯುತ್ತಿರುವ ದಿನಾಂಕ ಕೊಡಿ, ಘಟನೆಗಳನ್ನು ನಡೆದ ಕ್ರಮದಲ್ಲಿ ಒಂದು, ಎರಡು, ಮೂರು ಎಂದು ಪಟ್ಟಿ ಮಾಡಿ, ಯಾವುದು ಇನ್ನೂ ನಡೆಯುತ್ತಿದೆ ಎಂದು ಗುರುತು ಹಾಕಿ. ಆಮೇಲೆ ಈ ಸೂಚನೆ: ‘ಕ್ರಿಯಾಪದಗಳ ಕಾಲ ಬಿಟ್ಟು ಬೇರೇನನ್ನೂ ಮುಟ್ಟಬೇಡ. ಇಡೀ ಪಠ್ಯವನ್ನು ಮರಳಿ ಬರೆಯಬೇಡ. ಬದಲಾಗಬೇಕಾದ ಪ್ರತಿ ಕ್ರಿಯಾಪದವನ್ನು ಹಳೆಯದು, ಹೊಸದು, ಕಾರಣ ಎಂದು ಸಾಲಾಗಿ ಕೊಡು. ಕ್ರಮದ ಬಗ್ಗೆ ಅನುಮಾನವಿದ್ದರೆ ತಿದ್ದದೆ ಕೇಳು.’ ಇಷ್ಟಾದ ಮೇಲೂ ಪೂರ್ತಿ ಪಠ್ಯವೇ ಬಂದರೆ ಹಳೆಯದನ್ನೂ ಹೊಸದನ್ನೂ ವರ್ಡ್‌ನ ರಿವ್ಯೂ ಟ್ಯಾಬ್‌ನಲ್ಲಿರುವ ಕಂಪೇರ್‌ಗೆ ಹಾಕಿ. ಬದಲಾದ ಪ್ರತಿ ಪದ ಬಣ್ಣದಲ್ಲಿ ಎದ್ದು ಕಾಣುತ್ತದೆ. ಘಟನೆಗಳ ಪಟ್ಟಿ ಮಾಡುವಾಗಲೇ ಅರ್ಧ ತಪ್ಪುಗಳು ನಿಮಗೇ ಹೊಳೆಯುವುದರಿಂದ, ಉಪಕರಣದ ಹೊಗಳಿಕೆಯಲ್ಲಿ ಸ್ವಲ್ಪ ಪಾಲು ಆ ಪಟ್ಟಿಗೂ ಸಲ್ಲಬೇಕು.

ಚೆಕರ್ ಬಿಟ್ಟದ್ದನ್ನು ಹಿಡಿಯುವ ಸುತ್ತು

ಇದಕ್ಕೆ ವರ್ಡ್‌ನಲ್ಲಿ ಅಷ್ಟಾಗಿ ಯಾರೂ ಬಳಸದ ಒಂದು ಸೌಲಭ್ಯ ಸಾಕು. ಮೊದಲು ಎಫ್7 ಒತ್ತಿ ರೂಪದ ತಪ್ಪುಗಳನ್ನೆಲ್ಲ ತೆಗೆದುಹಾಕಿ. ಆಮೇಲೆ ಅಡ್ವಾನ್ಸ್ಡ್ ಫೈಂಡ್ ತೆರೆದು, ಇಡೀ ಪದ ಮಾತ್ರ ಹುಡುಕುವ ಆಯ್ಕೆ ಹಾಕಿ, ‘ಹ್ಯಾಡ್’ ಹುಡುಕಿ, ರೀಡಿಂಗ್ ಹೈಲೈಟ್‌ನಲ್ಲಿ ಹೈಲೈಟ್ ಆಲ್ ಕೊಡಿ. ದಾಖಲೆಯ ಎಲ್ಲ ‘ಹ್ಯಾಡ್’ಗಳೂ ಹಳದಿಯಾಗುತ್ತವೆ. ಒಂದೊಂದನ್ನೂ ನೋಡಿ ಕೇಳಿ: ಇದಕ್ಕಿಂತ ಆಮೇಲೆ, ಆದರೆ ಭೂತಕಾಲದಲ್ಲೇ ನಡೆದ ಯಾವ ಘಟನೆ ಇಲ್ಲಿ ಹತ್ತಿರದಲ್ಲಿದೆ? ಬೆರಳಿಟ್ಟು ತೋರಿಸಲಾಗದಿದ್ದರೆ ‘ಹ್ಯಾಡ್’ ತೆಗೆದು ಸಿಂಪಲ್ ಪಾಸ್ಟ್ ಮಾಡಿ. ‘ಇಫ್’ ಅಥವಾ ‘ವಿಶ್’ ಆದಮೇಲೆ ಬಂದವು, ‘ಇತ್ತು’ ಎಂಬ ಅರ್ಥದವು ಇವಕ್ಕೆ ಈ ಪ್ರಶ್ನೆ ಅನ್ವಯಿಸುವುದಿಲ್ಲ, ಬಿಟ್ಟುಬಿಡಿ. ‘ಸೆಡ್’ ನಂತರದವಕ್ಕೆ ಎರಡನೆಯ ಘಟನೆ ಆ ‘ಸೆಡ್’ ಎಂಬುದೇ.

ಎರಡನೆಯ ಸುತ್ತು ‘ಹ್ಯಾವ್’ ಮತ್ತು ‘ಹ್ಯಾಸ್’ಗೆ. ಇಲ್ಲಿ ಕಣ್ಣು ಆ ವಾಕ್ಯಕ್ಕೆ ನಿಲ್ಲದೆ ಪ್ಯಾರಾದ ಆರಂಭದವರೆಗೂ ಹಿಂದಕ್ಕೆ ಹೋಗಬೇಕು. ಮುಗಿದ ಸಮಯದ ಹೆಸರು ಸಿಕ್ಕಿ, ಕಥೆ ಇನ್ನೂ ಅದೇ ಸಮಯದೊಳಗೇ ಇದ್ದರೆ ‘ಹ್ಯಾವ್’ ಹೋಗಬೇಕು. ‘ಐವ್’, ‘ಹೀಸ್’, ‘ಐಡ್’ ಎಂದು ಅಪಾಸ್ಟ್ರಫಿ ಹಾಕಿ ಕುಗ್ಗಿಸಿದ ರೂಪಗಳು ಈ ಹುಡುಕಾಟಕ್ಕೆ ಸಿಗುವುದಿಲ್ಲ, ಅವನ್ನು ಬೇರೆಯಾಗಿ ಹುಡುಕಬೇಕು; ಅದರಲ್ಲೂ ‘ಐಡ್’ ಎಂಬುದು ‘ಐ ಹ್ಯಾಡ್’ ಕೂಡ, ‘ಐ ವುಡ್’ ಕೂಡ. ನಿರ್ದಿಷ್ಟ ಕ್ರಿಯಾಪದವೊಂದರ ಮೇಲೆ ಅನುಮಾನವಿದ್ದರೆ ಅದೇ ಕಿಟಕಿಯಲ್ಲಿ ಫೈಂಡ್ ಆಲ್ ವರ್ಡ್ ಫಾರ್ಮ್ಸ್ ಎಂಬ ಆಯ್ಕೆಯಿದೆ. ‘ರೈಟ್’ ಎಂದು ಕೊಟ್ಟರೆ ‘ರೋಟ್’, ‘ರಿಟನ್’ ಎಲ್ಲವನ್ನೂ ತರುತ್ತದೆ.

ಯಾರಿಗೆ ಯಾವುದು? ದಿನಕ್ಕೆ ನಾಲ್ಕು ಮೇಲ್ ಬರೆಯುವವರಿಗೆ ವರ್ಡ್ ಅಥವಾ ಬ್ರೌಸರಿನಲ್ಲಿ ಉಚಿತವಾಗಿ ಸಿಗುವ ಚೆಕರ್ ಮತ್ತು ಒಂಟಿ ‘ಹ್ಯಾಡ್’ ಮೇಲೊಂದು ಕಣ್ಣು ಸಾಕು. ಅವಘಡ ವರದಿ, ಸಂಶೋಧನಾ ಪ್ರಬಂಧ, ಅರ್ಜಿಪತ್ರ ಬರೆಯುವವರು ಎಐ ಚಾಟ್ ಅನ್ನು ಪಟ್ಟಿ ಕೊಡುವ ಷರತ್ತಿನ ಮೇಲೆ ಬಳಸಲಿ. ದುಡ್ಡು ಕೊಡುವ ಆವೃತ್ತಿಗೆ ಹೋಗುವ ಮುಂಚೆ ಸೋಮವಾರದ ವಾಕ್ಯ, ಒಂಟಿ ‘ಹ್ಯಾಡ್’, ‘ಸಿನ್ಸ್ ಯೆಸ್ಟರ್‌ಡೇ’ ಈ ಮೂರನ್ನು ಟ್ರಯಲ್‌ನಲ್ಲಿ ಹಾಕಿ ನೋಡಿ. ಮೊದಲೆರಡನ್ನು ಹಿಡಿದು ಮೂರನೆಯದನ್ನು ಬಿಟ್ಟರೆ ಕೊಳ್ಳಬಹುದು.

ಗೌಪ್ಯ ದಾಖಲೆಗಳ ಲೆಕ್ಕ ಬೇರೆ. ಗ್ರಾಮರ್ಲಿಯೂ ಆನ್‌ಲೈನ್ ಚಾಟ್‌ಗಳೂ ನಿಮ್ಮ ಪಠ್ಯವನ್ನು ತಮ್ಮ ಸರ್ವರಿಗೆ ಕಳಿಸಿಯೇ ಕೆಲಸ ಮಾಡುವುದು. ಲ್ಯಾಂಗ್ವೇಜ್‌ಟೂಲ್ ಅನ್ನು ಮಾತ್ರ ಜಾವಾ ಇರುವ ನಿಮ್ಮ ಕಂಪ್ಯೂಟರಿನಲ್ಲೇ ಸರ್ವರ್ ಆಗಿ ಓಡಿಸಬಹುದು. ಮೊದಲೇ ನಿಗದಿಯಾದ ಪೋರ್ಟ್ 8081. ವರ್ಡ್‌ನಂಥದೇ ಸೌಲಭ್ಯವಿರುವ ಉಚಿತ ತಂತ್ರಾಂಶ ಲಿಬ್ರೆಆಫೀಸ್‌ನ 7.4 ಮತ್ತು ಆಮೇಲಿನ ಆವೃತ್ತಿಗಳಲ್ಲಿ ಟೂಲ್ಸ್, ಆಪ್ಷನ್ಸ್, ಲ್ಯಾಂಗ್ವೇಜ್ ಸೆಟ್ಟಿಂಗ್ಸ್ (ಹೊಸ ಆವೃತ್ತಿಗಳಲ್ಲಿ ಲ್ಯಾಂಗ್ವೇಜಸ್ ಅಂಡ್ ಲೊಕೇಲ್ಸ್) ಒಳಗೆ ಲ್ಯಾಂಗ್ವೇಜ್‌ಟೂಲ್ ಸರ್ವರ್ ಎಂಬ ಜಾಗವಿದೆ, ಅಲ್ಲಿ ಲೋಕಲ್‌ಹೋಸ್ಟ್ ವಿಳಾಸ (ಎಂದರೆ ನಿಮ್ಮದೇ ಕಂಪ್ಯೂಟರಿನ ವಿಳಾಸ) ಕೊಟ್ಟರೆ ಪಠ್ಯ ಕಂಪ್ಯೂಟರಿನಿಂದ ಹೊರಗೆ ಹೋಗುವುದಿಲ್ಲ. ಆ ಅವತಾರದಲ್ಲಿ ಅದು ಹಿಡಿಯುವುದು ಬಹುತೇಕ ರೂಪದ ತಪ್ಪುಗಳನ್ನೇ; ಹಳದಿ ‘ಹ್ಯಾಡ್’ಗಳ ಸುತ್ತನ್ನು ನೀವೇ ಹಾಕಬೇಕು.